ಒಂದು ಗೆರೆಯ ದಪ್ಪ

ಮಂಡಿಯ ಎಂ.ಆರ್.ಐ. ಚಿತ್ರಗಳಲ್ಲಿ ಮೃದ್ವಸ್ಥಿಯ (ಕಾರ್ಟಿಲೇಜಿನ) ಅಂಚನ್ನು ಕೈಯಿಂದ ಗುರುತಿಸುವ ಕೆಲಸವನ್ನು ನಾನು ಮೊದಲ ಬಾರಿಗೆ ಮಾಡಿದಾಗ ಒಂದೇ ಮಂಡಿಗೆ ಇಡೀ ದಿನ ಹಿಡಿಯಿತು. ತೊಡೆಮೂಳೆಯ ತುದಿಯನ್ನು ಹೊದ್ದಿರುವ ಆ ಬೂದುಬಣ್ಣದ ಪಟ್ಟಿ ಕೆಲವೇ ಪಿಕ್ಸೆಲ್‌ಗಳಷ್ಟು ಅಗಲವಿತ್ತು. ಅದರ ಒಂದು ಬದಿಗೆ ಮೂಳೆ, ಇನ್ನೊಂದು ಬದಿಗೆ ಕೀಲಿನ ದ್ರವ. ಕೆಲವೆಡೆ ಎದುರಿನ ಮೂಳೆಯ ಮೃದ್ವಸ್ಥಿಯೇ ಬಂದು ತಾಗಿ, ಎರಡರ ನಡುವಣ ಗಡಿ ಅಳಿಸಿಹೋದಂತಿತ್ತು. ಇಂತಹ ಪದರಚಿತ್ರಗಳು ನೂರಕ್ಕೂ ಹೆಚ್ಚು. ಎರಡು ವಾರ ಕಳೆದ ಮೇಲೆ, ಹಿಂದಿನ ಗೆರೆಗಳನ್ನು ನೋಡದೆ ಅದೇ ಮಂಡಿಯನ್ನು ಮತ್ತೊಮ್ಮೆ ಗುರುತಿಸುವಂತೆ ನನಗೆ ಹೇಳಲಾಯಿತು. ಎರಡು ಸಲ ಬಂದ ಗಾತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಅವುಗಳ ನಡುವಣ ವ್ಯತ್ಯಾಸವು ರೋಗಪೀಡಿತ ಮಂಡಿಯೊಂದರಲ್ಲಿ ಒಂದು ವರ್ಷದಲ್ಲಿ ಆಗುವ ಸರಾಸರಿ ಸವೆತಕ್ಕಿಂತ ದೊಡ್ಡದಾಗಿತ್ತು. ಮಂಡಿ ಬದಲಾಗಿರಲಿಲ್ಲ, ಚಿತ್ರವೂ ಬದಲಾಗಿರಲಿಲ್ಲ. ಬದಲಾದದ್ದು ನನ್ನ ಗೆರೆ.

ಅಂದಿನಿಂದ ಮೂಳೆ, ಮೃದ್ವಸ್ಥಿ ಮತ್ತು ಸ್ನಾಯುಗಳನ್ನು ಚಿತ್ರಗಳ ಮೂಲಕ ಅಳೆದ ಯಾವ ಸಂಶೋಧನೆಯನ್ನು ಓದಿದರೂ, ಯಂತ್ರ ಯಾವುದು ಎಂದು ನೋಡುವ ಮೊದಲು ಗೆರೆಯನ್ನು ಎಲ್ಲಿ ಎಳೆದಿದ್ದಾರೆ, ಯಾರು ಎಳೆದಿದ್ದಾರೆ, ಎಷ್ಟು ಸಲ ಎಳೆದು ಹೋಲಿಸಿದ್ದಾರೆ ಎಂಬುದನ್ನು ಹುಡುಕುವುದು ನನಗೆ ಅಭ್ಯಾಸವಾಗಿದೆ. ಚಿತ್ರದಿಂದ ಸಂಖ್ಯೆಯೊಂದು ಹುಟ್ಟುವುದು ಆ ಗೆರೆಯ ಬಳಿಯೇ, ಮತ್ತು ಈ ಮೂರು ಅಂಗಾಂಶಗಳಲ್ಲಿ ಗೆರೆಯ ಕಷ್ಟ ಮೂರು ಬಗೆಯದು.

ಮೂಳೆಯ ವಿಷಯದಲ್ಲಿ ಕಷ್ಟವೇ ಇಲ್ಲವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ವಿಲ್‌ಹೆಲ್ಮ್ ರಾಂಟ್‌ಗೆನ್ ಅವರು 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದು, ಅದೇ ಡಿಸೆಂಬರ್ 22ರಂದು ತಮ್ಮ ಪತ್ನಿಯ ಕೈಯ ಚಿತ್ರವನ್ನು ತೆಗೆದರು. ಅದರಲ್ಲಿ ಬೆರಳಿನ ಮೂಳೆಗಳೂ ಉಂಗುರವೂ ಎದ್ದು ಕಾಣುತ್ತವೆ. ಸ್ನಾಯುಗಳು ಮಸುಕಾದ ನೆರಳಾಗಿವೆ. ಬೆರಳಿನ ಗೆಣ್ಣುಗಳಲ್ಲಿ ಮೃದ್ವಸ್ಥಿ ಇರಬೇಕಾದಲ್ಲಿ ಬರಿಯ ಖಾಲಿ ಜಾಗವಿದೆ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಕ್ಷ-ಕಿರಣಗಳನ್ನು ಬಲವಾಗಿ ತಡೆಯುತ್ತದೆ, ನೀರೇ ಹೆಚ್ಚಾಗಿರುವ ಉಳಿದೆರಡು ಅಂಗಾಂಶಗಳು ಅಷ್ಟಾಗಿ ತಡೆಯುವುದಿಲ್ಲ. ಮುಂದೆ 1971ರಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ (ಸುತ್ತಲಿಂದ ಕ್ಷ-ಕಿರಣ ಹಾಯಿಸಿ ದೇಹದ ಅಡ್ಡಪದರದ ಚಿತ್ರ ಕಟ್ಟುವಂಥದ್ದು) ಲಂಡನ್ನಿನಲ್ಲಿ ಮೊದಲ ರೋಗಿಯ ಚಿತ್ರವನ್ನು ತೆಗೆದ ಮೇಲೆ ಈ ವ್ಯತ್ಯಾಸಕ್ಕೆ ಒಂದು ಅಳತೆಗೋಲೂ ದೊರೆಯಿತು. ಅವರ ಹೆಸರಿನ ಆ ಮಾಪಕದಲ್ಲಿ ಗಾಳಿ -1000, ನೀರು 0, ಕೊಬ್ಬು ಸುಮಾರು -100, ಸ್ನಾಯು ಸುಮಾರು 50. ಗಟ್ಟಿ ಮೂಳೆಯಾದರೆ 1000ವನ್ನೂ ದಾಟುತ್ತದೆ. ಇಷ್ಟು ದೂರ ಇರುವ ಎರಡು ಅಂಕಿಗಳ ನಡುವೆ ಗೆರೆ ಎಳೆಯುವುದು ಸುಲಭವಲ್ಲವೇ?

ಗಟ್ಟಿ ಹೊರಚಿಪ್ಪಿಗೆ ಅದು ನಿಜ. ಆದರೆ ಬೆನ್ನುಮೂಳೆಯ ಒಳಭಾಗ, ಸೊಂಟದ ಕೀಲಿನ ಬಳಿ ತೊಡೆಮೂಳೆಯ ಮೇಲ್ತುದಿ, ಮಣಿಕಟ್ಟು, ಹೀಗೆ ಮುರಿತಗಳು ಹೆಚ್ಚಾಗಿ ಆಗುವ ತಾಣಗಳಲ್ಲೆಲ್ಲ ತೆಳುವಾದ ಹೊರಚಿಪ್ಪಿನ ಒಳಗೆ ಸ್ಪಂಜಿನಂತಹ ಜಾಲವಿದೆ. ಈ ಜಾಲ ಮನಬಂದಂತೆ ಹರಡಿದ್ದಲ್ಲ. 1860ರ ದಶಕದಲ್ಲಿ ಅಂಗರಚನಾಶಾಸ್ತ್ರಜ್ಞ ಹೆರ್ಮನ್ ಫಾನ್ ಮಾಯರ್ ಅವರು ಬಿಡಿಸಿದ್ದ ತೊಡೆಮೂಳೆಯ ಒಳಜಾಲದ ಚಿತ್ರವನ್ನು ಕಂಡ ಎಂಜಿನಿಯರ್ ಕಾರ್ಲ್ ಕುಲ್ಮನ್ ಅವರಿಗೆ, ಭಾರ ಎತ್ತುವ ಕ್ರೇನಿನೊಳಗೆ ಒತ್ತಡ ಮತ್ತು ಸೆಳೆತ ಹರಿಯುವ ರೇಖೆಗಳು ನೆನಪಾದವು. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂಬ ಮಾತನ್ನು ಯೂಲಿಯಸ್ ವೂಲ್ಫ್ 1892ರಲ್ಲಿ ನಿಯಮವಾಗಿ ಮಂಡಿಸಿದ್ದು ಇದೇ ಹಾದಿಯಲ್ಲಿ. ಆ ಜಾಲದ ಒಂದೊಂದು ಎಳೆಯ ದಪ್ಪ 0.1ರಿಂದ 0.2 ಮಿ.ಮೀ. ಆಸ್ಪತ್ರೆಯ ಸಾಮಾನ್ಯ ಸಿ.ಟಿ. ಚಿತ್ರದ ಪಿಕ್ಸೆಲ್ ಸುಮಾರು ಅರ್ಧ ಮಿ.ಮೀ. ಎಂದರೆ ಒಂದು ಚೌಕದೊಳಗೆ ಎಳೆಯೂ ಇದೆ, ಮಜ್ಜೆಯೂ ಇದೆ, ಚೌಕ ಮಾತ್ರ ಎರಡರ ಸರಾಸರಿಯನ್ನು ಹೇಳುತ್ತದೆ. ಅಂತಹ ಚೌಕವನ್ನು ಮೂಳೆ ಎನ್ನಬೇಕೇ, ಮಜ್ಜೆ ಎನ್ನಬೇಕೇ?

ಮೂಳೆಸವೆತದ ರೋಗನಿರ್ಣಯಕ್ಕೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಡೆಕ್ಸಾ ಪರೀಕ್ಷೆಯು ಈ ಪ್ರಶ್ನೆಯ ಗೊಡವೆಗೇ ಹೋಗುವುದಿಲ್ಲ. ಅದು ಎರಡು ಶಕ್ತಿಮಟ್ಟಗಳ ಕ್ಷ-ಕಿರಣಗಳನ್ನು ಹಾಯಿಸಿ, ಮೂಳೆ ಎಷ್ಟು ಮತ್ತು ಮೃದು ಅಂಗಾಂಶ ಎಷ್ಟು ಎಂಬ ಎರಡು ಅಜ್ಞಾತಗಳನ್ನು ಎರಡು ಸಮೀಕರಣಗಳಿಂದ ಬಿಡಿಸುತ್ತದೆ. ಮೂಳೆಯ ಸಾಂದ್ರತೆ ಯುವ ವಯಸ್ಕರ ಸರಾಸರಿಗಿಂತ 2.5 ಪ್ರಮಾಣ ವಿಚಲನೆಗಳಷ್ಟು (ಜನರ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ ಇದು) ಅಥವಾ ಅದಕ್ಕೂ ಕೆಳಗೆ ಇದ್ದರೆ ಅದನ್ನು ಆಸ್ಟಿಯೋಪೊರೋಸಿಸ್ ಎಂದು ಕರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1994ರಲ್ಲಿ ನಿಗದಿಪಡಿಸಿದ ಮಿತಿಯು ಈ ಅಳತೆಯನ್ನೇ ಅವಲಂಬಿಸಿದೆ. ಇದು ಅಗ್ಗದ, ವೇಗದ, ಅತ್ಯಲ್ಪ ವಿಕಿರಣದ ಪರೀಕ್ಷೆ. ಅದರ ಉಪಯುಕ್ತತೆಯ ಬಗ್ಗೆ ನನಗೆ ಯಾವ ಸಂದೇಹವೂ ಇಲ್ಲ. ಆದರೆ ಅದು ಕೊಡುವ ಸಾಂದ್ರತೆ ನೆರಳಿನ ಸಾಂದ್ರತೆ, ಎಂದರೆ ಖನಿಜದ ತೂಕವನ್ನು ಗಾತ್ರದಿಂದಲ್ಲ, ನೆರಳಿನ ವಿಸ್ತೀರ್ಣದಿಂದ ಭಾಗಿಸಿದ್ದು ಎಂಬುದನ್ನು ಮರೆಯಬಾರದು. ಒಂದೇ ವಸ್ತುವಿನಿಂದ ಎರಡು ಘನಾಕೃತಿಗಳನ್ನು ಮಾಡೋಣ, ಒಂದರ ಬದಿ 2 ಸೆಂ.ಮೀ., ಇನ್ನೊಂದರದು 3 ಸೆಂ.ಮೀ.; ಪ್ರತಿ ಘನ ಸೆಂಟಿಮೀಟರಿಗೆ ಎರಡರಲ್ಲೂ 0.3 ಗ್ರಾಂ ಖನಿಜವಿರಲಿ. ಡೆಕ್ಸಾ ಇವುಗಳನ್ನು ನೋಡಿದರೆ ಮೊದಲನೆಯದಕ್ಕೆ ಚದರ ಸೆಂಟಿಮೀಟರಿಗೆ 0.6 ಗ್ರಾಂ, ಎರಡನೆಯದಕ್ಕೆ 0.9 ಗ್ರಾಂ ಎನ್ನುತ್ತದೆ. ಸಣ್ಣ ಮೈಕಟ್ಟಿನವರ ಮೂಳೆ ಇರುವುದಕ್ಕಿಂತ ಬಡವಾಗಿ ಕಾಣುವುದು ಹೀಗೆ. ವಯಸ್ಸಾದವರ ಬೆನ್ನುಮೂಳೆಯ ಅಂಚಿನಲ್ಲಿ ಬೆಳೆದ ಮೂಳೆಮುಳ್ಳುಗಳಾಗಲಿ, ಅದರ ಮುಂದೆ ಹಾದುಹೋಗುವ ಮಹಾಧಮನಿಯಲ್ಲಿ ಸೇರಿಕೊಂಡ ಕ್ಯಾಲ್ಸಿಯಂ ಆಗಲಿ ಅದೇ ನೆರಳಿನೊಳಗೆ ಬೀಳುವುದರಿಂದ, ದುರ್ಬಲವಾದ ಮೂಳೆ ಬಲವಾಗಿರುವಂತೆಯೂ ತೋರಬಹುದು.

ಎಳೆಗಳನ್ನೇ ಕಾಣಬೇಕೆಂಬ ಹಂಬಲ ಸಂಶೋಧಕರನ್ನು ಕರೆದೊಯ್ದದ್ದು ಅನಿರೀಕ್ಷಿತ ಸ್ಥಳಕ್ಕೆ. ಫೋರ್ಡ್ ಮೋಟಾರು ಕಂಪನಿಯ ಪ್ರಯೋಗಾಲಯದಲ್ಲಿ ಲೀ ಫೆಲ್ಡ್‌ಕ್ಯಾಂಪ್ ಮತ್ತು ಸಂಗಡಿಗರು ಶಂಕುವಿನಾಕಾರದ ಕ್ಷ-ಕಿರಣ ಪುಂಜದಿಂದ ಮೂರು ಆಯಾಮದ ಚಿತ್ರವನ್ನು ಕಟ್ಟುವ ಗಣಿತವಿಧಾನವನ್ನು 1984ರಲ್ಲಿ ಪ್ರಕಟಿಸಿದರು. ಯಂತ್ರಭಾಗಗಳ ಒಳದೋಷಗಳನ್ನು ಒಡೆಯದೆ ನೋಡುವುದು ಅಲ್ಲಿನ ಅಗತ್ಯವಾಗಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಮೂಳೆ ಸಂಶೋಧಕರ ಜೊತೆಗೂಡಿ ಅದೇ ವಿಧಾನದಿಂದ ಮೂಳೆಯ ಒಳಜಾಲವನ್ನು ಮೂರು ಆಯಾಮದಲ್ಲಿ ಅಳೆದ ವಿವರಗಳು 1989ರಲ್ಲಿ ಹೊರಬಂದವು. ಇಂದಿನ ಮೈಕ್ರೋ ಸಿ.ಟಿ.ಯ ಬೇರು ಅಲ್ಲಿದೆ. ಕತ್ತರಿಸಿ ತೆಗೆದ ತುಣುಕಿಗಷ್ಟೇ ಸಾಧ್ಯವಿದ್ದ ಈ ನೋಟವನ್ನು ಬದುಕಿರುವ ಮನುಷ್ಯರಲ್ಲಿ, ಮಣಿಕಟ್ಟು ಮತ್ತು ಕಣಕಾಲುಗಳ ಮಟ್ಟಿಗೆ, ಸಾಧ್ಯವಾಗಿಸಿದ ಯಂತ್ರಗಳೂ ನಂತರ ಬಂದವು. ಅವುಗಳ ಮೊದಲ ತಲೆಮಾರಿನಲ್ಲಿ ಚಿತ್ರಘಟಕದ (ಮೂರು ಆಯಾಮದ ಪಿಕ್ಸೆಲಿನ) ಅಳತೆ 82 ಮೈಕ್ರೋಮೀಟರ್, ಎರಡನೆಯದರಲ್ಲಿ 61. ಸುಮಾರು ಆರು ತಿಂಗಳು ಅಂತರಿಕ್ಷದಲ್ಲಿದ್ದು ಮರಳಿದ 17 ಗಗನಯಾತ್ರಿಗಳನ್ನು ಇಂತಹ ಯಂತ್ರದಿಂದ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವು, ಭೂಮಿಗೆ ಬಂದು ಒಂದು ವರ್ಷವಾದರೂ ಅವರ ಕಣಕಾಲಿನ ಮೂಳೆ ಪೂರ್ತಿಯಾಗಿ ಚೇತರಿಸಿಕೊಂಡಿರಲಿಲ್ಲವೆಂದು ತೋರಿಸಿತು. ಕಳೆದುಹೋದ ಖನಿಜ ಮರಳಿ ತುಂಬಬಹುದು, ಆದರೆ ಕಡಿದುಹೋದ ಎಳೆಯೊಂದು ತನ್ನ ಹಳೆಯ ಜಾಡಿನಲ್ಲಿ ಮತ್ತೆ ಬೆಸೆದುಕೊಳ್ಳುವುದು ಸುಲಭವಲ್ಲ ಎಂಬ ವಿಚಾರಕ್ಕೆ ಇಂತಹ ಚಿತ್ರಗಳಿಲ್ಲದೆ ಆಧಾರವೇ ಇರುತ್ತಿರಲಿಲ್ಲ.

ಆದರೂ 61 ಮೈಕ್ರೋಮೀಟರಿನಲ್ಲಿ ಒಂದು ಎಳೆಗೆ ಸಿಗುವುದು ಎರಡು ಮೂರು ಘಟಕಗಳು ಮಾತ್ರ. ಇಷ್ಟಕ್ಕಿಂತ ಮೇಲಿನದೆಲ್ಲ ಮೂಳೆ, ಕೆಳಗಿನದೆಲ್ಲ ಮಜ್ಜೆ ಎಂದು ಒಂದು ಮಿತಿಮೌಲ್ಯವನ್ನು ಗೊತ್ತುಪಡಿಸಿಯೇ ಗೆರೆ ಎಳೆಯಬೇಕು. ಮಿತಿಯನ್ನು ಏರಿಸಿದರೆ ಸಣ್ಣ ಎಳೆಗಳು ಮಾಯವಾಗುತ್ತವೆ, ಇಳಿಸಿದರೆ ಉಳಿದವು ದಪ್ಪಗಾಗುತ್ತವೆ. ಇದರ ಪರಿಣಾಮ ಸೂಕ್ಷ್ಮವಾದದ್ದು. ಮೂಳೆಸವೆತ ತಡೆಯುವ ಕೆಲವು ಔಷಧಿಗಳು ಇರುವ ಎಳೆಗಳಲ್ಲಿ ಖನಿಜಾಂಶವನ್ನು ಹೆಚ್ಚಿಸುತ್ತವೆ. ಎಳೆಯ ಆಕಾರ ಒಂದಿಷ್ಟೂ ಬದಲಾಗದಿದ್ದರೂ ಅದರ ಅಂಚಿನ ಘಟಕಗಳು ಈಗ ಮಿತಿಯನ್ನು ದಾಟುತ್ತವೆ, ಗಣಕವು ಎಳೆ ದಪ್ಪವಾಗಿದೆ ಎಂದು ವರದಿ ಮಾಡುತ್ತದೆ. ಅದೇ ಚಿತ್ರದಿಂದ ಗಣಕಮಾದರಿಯನ್ನು ಕಟ್ಟಿ, ಅದರ ಮೇಲೆ ಭಾರ ಹೇರಿ, ಮೂಳೆ ಎಷ್ಟು ತಾಳಿಕೊಳ್ಳುತ್ತದೆಂದು ಲೆಕ್ಕಹಾಕುವ ವಿಧಾನವು ಇಂದು ಬಹಳ ಮುಂದುವರಿದಿದೆ. ಅಲ್ಲಿಗೂ ಈ ಗೆರೆಯ ನೆರಳು ಹಿಂಬಾಲಿಸುತ್ತದೆ.

ಮೃದ್ವಸ್ಥಿಯ ಕಥೆ ಬೇರೆ, ಮತ್ತು ನನ್ನ ಮನಸ್ಸು ನೆಟ್ಟಿರುವುದು ಅಲ್ಲಿಯೇ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಅದರ ತೂಕದ ಮೂರನೇ ಎರಡು ಪಾಲಿಗೂ ಹೆಚ್ಚು ನೀರು. ಕೊಲಾಜೆನ್ ಎಳೆಗಳ ಬಲೆಯೊಳಗೆ ಋಣವಿದ್ಯುದಂಶವುಳ್ಳ ದೊಡ್ಡ ಅಣುಗಳು ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ, ಭಾರ ಬಿದ್ದಾಗ ಆ ನೀರು ನಿಧಾನವಾಗಿ ಹಿಂಡಿಹೋಗಿ ಭಾರ ಇಳಿದಾಗ ಮರಳುತ್ತದೆ. ಮಂಡಿಯಲ್ಲಿ ಅದರ ದಪ್ಪ ಹೆಚ್ಚಿನ ಕಡೆ 2ರಿಂದ 4 ಮಿ.ಮೀ. ಕ್ಷ-ಕಿರಣಕ್ಕೆ ಇದು ಕಾಣುವುದಿಲ್ಲವಾದ್ದರಿಂದ, ದಶಕಗಳ ಕಾಲ ಎರಡು ಮೂಳೆಗಳ ನಡುವಿನ ಅಂತರವನ್ನೇ ಮೃದ್ವಸ್ಥಿಯ ದಪ್ಪವೆಂದು ಭಾವಿಸಲಾಗುತ್ತಿತ್ತು. ಮಂಡಿಸವೆತವನ್ನು 0ರಿಂದ 4ರವರೆಗೆ ವರ್ಗೀಕರಿಸುವ, 1957ರಿಂದ ಬಳಕೆಯಲ್ಲಿರುವ ಕೆಲ್‌ಗ್ರೆನ್-ಲಾರೆನ್ಸ್ ಪದ್ಧತಿಯೂ ಆ ಅಂತರವನ್ನು ಮತ್ತು ಮೂಳೆಮುಳ್ಳುಗಳನ್ನು ನೋಡುತ್ತದೆ. ಆ ಅಂತರದಲ್ಲಿ ಮೃದ್ವಸ್ಥಿಯ ಜೊತೆಗೆ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೆತ್ತೆಯೂ ಇದೆ; ಅದು ಹೊರಕ್ಕೆ ಸರಿದರೂ ಅಂತರ ಕಿರಿದಾಗುತ್ತದೆ, ಮೃದ್ವಸ್ಥಿ ಸವೆಯದಿದ್ದರೂ.

ಆದ್ದರಿಂದ 1973ರಲ್ಲಿ ಪಾಲ್ ಲಾಟರ್‌ಬರ್ ಅವರು ಕಾಂತೀಯ ಅನುರಣನದಿಂದ (ಎಂ.ಆರ್.ಐ.) ಚಿತ್ರ ರಚಿಸಬಹುದೆಂದು ತೋರಿಸಿದ್ದು ಮೃದ್ವಸ್ಥಿಯ ಪಾಲಿಗೆ ಕಣ್ಣು ಬಂದಂತೆ ಆಯಿತು. ಎಂ.ಆರ್.ಐ. ನೋಡುವುದು ಜಲಜನಕದ ಬೀಜಕಣಗಳನ್ನು, ಎಂದರೆ ಮುಖ್ಯವಾಗಿ ನೀರು ಮತ್ತು ಕೊಬ್ಬನ್ನು. ಗಟ್ಟಿ ಮೂಳೆಯ ಸಂಕೇತ ಒಂದು ಮಿಲಿಸೆಕೆಂಡಿನೊಳಗೆ ಆರಿಹೋಗುವುದರಿಂದ ಸಾಮಾನ್ಯ ವಿಧಾನದಲ್ಲಿ ಅದು ಕಪ್ಪು. ಮೃದ್ವಸ್ಥಿಯ ಸಂಕೇತ ಹತ್ತಾರು ಮಿಲಿಸೆಕೆಂಡು ಉಳಿಯುವುದರಿಂದ ಅದು ಬೂದು. ಈ ಆರುವ ಕಾಲವನ್ನೇ ಪ್ರತಿ ಬಿಂದುವಿನಲ್ಲೂ ಅಳೆದು ನಕ್ಷೆ ಬರೆದರೆ, ದಪ್ಪ ಕಡಿಮೆಯಾಗುವುದಕ್ಕೂ ಮುನ್ನ ಒಳಗಿನ ಕೊಲಾಜೆನ್ ಬಲೆ ಸಡಿಲಗೊಂಡದ್ದರ ಸುಳಿವು ಸಿಗಬಹುದು. ಅಲ್ಲಿಯೂ ಎಚ್ಚರ ಬೇಕು. ಕೊಲಾಜೆನ್ ಎಳೆಗಳು ಯಂತ್ರದ ಮುಖ್ಯ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಕೋನದಲ್ಲಿ ಇದ್ದರೆ ಆರುವ ಕಾಲ ತಾನಾಗಿಯೇ ಉದ್ದವಾಗುತ್ತದೆ. ತೊಡೆಮೂಳೆಯ ತುದಿ ದುಂಡಗಿರುವುದರಿಂದ ಎಲ್ಲೋ ಒಂದೆಡೆ ಆ ಕೋನ ಬಂದೇ ಬರುತ್ತದೆ. ತಿಳಿಯದವರು ಆರೋಗ್ಯಕರವಾದ ಮೃದ್ವಸ್ಥಿಯಲ್ಲಿ ರೋಗ ಕಂಡುಬಿಡಬಹುದು. ಹಾಗೆಯೇ ಸ್ಕ್ಯಾನಿಗೆ ಮುನ್ನ ಹಲವು ಬೈಠಕ್ ಹೊಡೆದವರ ಮಂಡಿಚಿಪ್ಪಿನ ಮೃದ್ವಸ್ಥಿ ಅಳೆಯಬಹುದಾದಷ್ಟು ತೆಳುವಾಗಿರುತ್ತದೆ, ಮೊದಲಿನಂತಾಗಲು ಒಂದು ಗಂಟೆಗೂ ಹೆಚ್ಚು ಬೇಕು. ಅದಕ್ಕಾಗಿಯೇ ಎಚ್ಚರಿಕೆಯುಳ್ಳ ಅಧ್ಯಯನಗಳಲ್ಲಿ ಭಾಗಿಗಳನ್ನು ಮೊದಲು ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಯಂತ್ರದೊಳಗೆ ಕಳುಹಿಸುತ್ತಾರೆ.

ಈಗ ಗೆರೆಯ ಮಾತಿಗೆ ಮರಳುತ್ತೇನೆ. ಅಮೆರಿಕದಲ್ಲಿ 2004ರಿಂದ ಆರಂಭವಾದ ಆಸ್ಟಿಯೋಆರ್ಥ್ರೈಟಿಸ್ ಇನಿಶಿಯೇಟಿವ್ ಎಂಬ ಮಂಡಿಸವೆತದ ಅಧ್ಯಯನವು 45ರಿಂದ 79 ವರ್ಷದ 4,796 ಜನರ ಮಂಡಿಗಳನ್ನು 3 ಟೆಸ್ಲಾ (ಟೆಸ್ಲಾ ಎಂಬುದು ಕಾಂತಕ್ಷೇತ್ರದ ಬಲದ ಮಾನ) ಯಂತ್ರಗಳಲ್ಲಿ ವರ್ಷಗಳ ಕಾಲ ಮತ್ತೆ ಮತ್ತೆ ಚಿತ್ರಿಸಿತು. ಆ ಚಿತ್ರಗಳು ಜಗತ್ತಿನ ಸಂಶೋಧಕರಿಗೆ ತೆರೆದಿವೆ. ಅವುಗಳ ಪದರ 0.7 ಮಿ.ಮೀ. ದಪ್ಪ, ಪಿಕ್ಸೆಲ್ ಅರ್ಧ ಮಿ.ಮೀ.ಗಿಂತ ಕಡಿಮೆ. ರೋಗಪೀಡಿತ ಮಂಡಿಯಲ್ಲಿ ಮೃದ್ವಸ್ಥಿ ವರ್ಷಕ್ಕೆ ಸರಾಸರಿ ಶೇಕಡಾ ಒಂದೆರಡರಷ್ಟು ಸವೆಯುತ್ತದೆ. 2 ಮಿ.ಮೀ. ದಪ್ಪದಲ್ಲಿ ಶೇಕಡಾ 2 ಎಂದರೆ 0.04 ಮಿ.ಮೀ., ಪಿಕ್ಸೆಲಿನ ಹತ್ತರಲ್ಲೊಂದು ಪಾಲು. ಪಿಕ್ಸೆಲಿಗಿಂತ ಕಿರಿದಾದ ಬದಲಾವಣೆಯನ್ನು ಅಳೆಯುತ್ತೇವೆಂದು ಹೇಳುವುದು ಸರಿಯೇ ಎಂದು ನನ್ನನ್ನು ಕೇಳಿದವರಿದ್ದಾರೆ. ಸರಿ, ಏಕೆಂದರೆ ದಪ್ಪವನ್ನು ಅಳೆಯುವುದು ಒಂದು ಬಿಂದುವಿನಲ್ಲಲ್ಲ, ಸಾವಿರಾರು ಬಿಂದುಗಳಲ್ಲಿ. ಒಂದೆಡೆ ಗೆರೆ ತುಸು ಒಳಗೆ ಬಿದ್ದರೆ ಇನ್ನೊಂದೆಡೆ ತುಸು ಹೊರಗೆ ಬೀಳುತ್ತದೆ, ಸರಾಸರಿಯಲ್ಲಿ ಆ ತಪ್ಪುಗಳು ಒಂದನ್ನೊಂದು ಬಹುಮಟ್ಟಿಗೆ ತಿಂದುಹಾಕುತ್ತವೆ.

ಆದರೆ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ವಾಲುವ ತಪ್ಪು ಹೀಗೆ ಕರಗುವುದಿಲ್ಲ. ಇದು ಎರಡನೇ ವರ್ಷದ ಚಿತ್ರ, ಸವೆದಿರಬೇಕು ಎಂದು ಗೆರೆ ಎಳೆಯುವವರಿಗೆ ಗೊತ್ತಿದ್ದರೆ ಕೈ ತನಗರಿವಿಲ್ಲದೆ ಒಳಕ್ಕೆ ಸರಿಯುತ್ತದೆ. ಇದನ್ನು ತಡೆಯಲು ಒಬ್ಬ ವ್ಯಕ್ತಿಯ ಎಲ್ಲ ವರ್ಷಗಳ ಚಿತ್ರಗಳನ್ನು ಒಬ್ಬರೇ, ಒಟ್ಟಿಗೇ, ಯಾವುದು ಮೊದಲು ಯಾವುದು ನಂತರ ಎಂಬುದನ್ನು ಮರೆಮಾಡಿಕೊಂಡು ಗುರುತಿಸುವ ಪದ್ಧತಿಯಿದೆ. ಫಲಿತಾಂಶದ ಕೋಷ್ಟಕದಲ್ಲಿ ಇದು ಒಂದು ವಾಕ್ಯವಷ್ಟೇ. ನನ್ನ ದೃಷ್ಟಿಯಲ್ಲಿ ಇಡೀ ಪ್ರಬಂಧದ ವಿಶ್ವಾಸಾರ್ಹತೆ ಆ ಒಂದು ವಾಕ್ಯದ ಮೇಲೆ ನಿಂತಿದೆ.

ಇನ್ನೊಂದು ಭೇದವನ್ನೂ ಸ್ಪಷ್ಟವಾಗಿ ಹೇಳಬೇಕು. ಅಳತೆಯ ಮರುಕಳಿಕೆಯ ದೋಷ, ಎಂದರೆ ಬದಲಾಗದ ಮಂಡಿಯನ್ನೇ ಮತ್ತೆ ಮತ್ತೆ ಅಳೆದಾಗ ಬರುವ ಏರುಪೇರು, ಶೇಕಡಾ 1.5 ಎಂದುಕೊಂಡರೆ, ಒಬ್ಬ ವ್ಯಕ್ತಿಯಲ್ಲಿ ಬದಲಾವಣೆ ನಿಜವಾಗಿಯೂ ಆಗಿದೆಯೆಂದು ಶೇಕಡಾ 95ರಷ್ಟು ಭರವಸೆಯಿಂದ ಹೇಳಲು ಅದರ 2.77 ಪಟ್ಟು, ಎಂದರೆ ಶೇಕಡಾ 4ಕ್ಕೂ ಹೆಚ್ಚು ವ್ಯತ್ಯಾಸ ಬೇಕು. ನೂರಾರು ಜನರ ಗುಂಪಿನಲ್ಲಿ ಶೇಕಡಾ 1ರ ಸವೆತವನ್ನು ಕಾಣಬಲ್ಲ ವಿಧಾನವು ನಿಮ್ಮ ಒಂದು ಮಂಡಿಯ ಬಗ್ಗೆ ಮುಂದಿನ ವರ್ಷ ಏನನ್ನೂ ಹೇಳಲಾರದೆ ಹೋಗಬಹುದು. ಅದರಲ್ಲಿ ವಿರೋಧಾಭಾಸವಿಲ್ಲ. ಜೊತೆಗೆ, ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವೂ ಅಲ್ಲ. 50 ವರ್ಷ ದಾಟಿದ, ಎಕ್ಸ್-ರೇಯಲ್ಲಿ ಮಂಡಿಸವೆತದ ಯಾವ ಗುರುತೂ ಇಲ್ಲದ 710 ಜನರ ಎಂ.ಆರ್.ಐ. ಪರೀಕ್ಷಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡಾ 89 ಜನರಲ್ಲಿ ಏನಾದರೊಂದು ಅಸಹಜತೆ ಕಂಡುಬಂದಿತು, ನೋವಿರುವವರಲ್ಲೂ ಇಲ್ಲದವರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ವರದಿಯಲ್ಲಿನ ಪದಗಳನ್ನು ಓದಿ ಹೆದರಿ ನನ್ನನ್ನು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಸಂಖ್ಯೆಯನ್ನೇ.

ಸ್ನಾಯುವಿನಲ್ಲಿ ಗಡಿ ದೊಡ್ಡದು, ಸ್ಪಷ್ಟವಾದದ್ದು. ಆರೋಗ್ಯವಂತ ತೊಡೆಯ ಅಡ್ಡಪದರದಲ್ಲಿ ಒಂದೊಂದು ಸ್ನಾಯುವನ್ನೂ ಬೇರ್ಪಡಿಸಬಹುದು. ಇಲ್ಲಿನ ಪ್ರಶ್ನೆ ಗೆರೆಯ ಒಳಗೆ ಏನಿದೆ ಎಂಬುದು. ವಯಸ್ಸಾದಂತೆ ಸ್ನಾಯುವಿನ ಗಾತ್ರ ಇಳಿಯುವುದಕ್ಕಿಂತ ವೇಗವಾಗಿ ಅದರ ಬಲ ಇಳಿಯುತ್ತದೆ, ಅದಕ್ಕೆ ಇರುವ ಕಾರಣಗಳಲ್ಲಿ ಸ್ನಾಯುವಿನೊಳಗೆ ನುಸುಳುವ ಕೊಬ್ಬೂ ಒಂದು. ನೀರಿನ ಮತ್ತು ಕೊಬ್ಬಿನ ಜಲಜನಕಗಳು ಕಾಂತಕ್ಷೇತ್ರದಲ್ಲಿ ಸ್ವಲ್ಪ ಬೇರೆ ಬೇರೆ ಆವರ್ತನದಲ್ಲಿ ಕಂಪಿಸುತ್ತವೆ, 1.5 ಟೆಸ್ಲಾದಲ್ಲಿ ಆ ಅಂತರ ಸುಮಾರು 220 ಹರ್ಟ್ಸ್. ಎರಡೂ ಒಂದೇ ಹೆಜ್ಜೆಯಲ್ಲಿರುವ ಕ್ಷಣದಲ್ಲಿ ಒಂದು ಚಿತ್ರ, ವಿರುದ್ಧ ಹೆಜ್ಜೆಯಲ್ಲಿರುವ ಕ್ಷಣದಲ್ಲಿ ಇನ್ನೊಂದು ಚಿತ್ರ ತೆಗೆದು, ಕೂಡಿಸಿದರೆ ನೀರು, ಕಳೆದರೆ ಕೊಬ್ಬು ಬೇರೆಯಾಗುತ್ತದೆಂದು ಥಾಮಸ್ ಡಿಕ್ಸನ್ 1984ರಲ್ಲಿ ತೋರಿಸಿದರು. ಇಷ್ಟು ಸರಳವಾದ ಯೋಚನೆಯಿಂದ ಇಷ್ಟು ದೊಡ್ಡ ಪ್ರಯೋಜನ ದೊರೆತ ಉದಾಹರಣೆಗಳು ಈ ಕ್ಷೇತ್ರದಲ್ಲಿ ವಿರಳ. ಡುಶೆನ್ ಸ್ನಾಯುಕ್ಷಯದಿಂದ ಬಳಲುವ ಮಕ್ಕಳಲ್ಲಿ ತೊಡೆಯ ಸ್ನಾಯುಗಳ ಕೊಬ್ಬಿನ ಪ್ರಮಾಣವನ್ನು ಹೀಗೆ ಅಳೆದು ರೋಗದ ಗತಿಯನ್ನು ಅನುಸರಿಸುತ್ತಾರೆ. ತೊಡೆಯ ಹಲವು ಸ್ನಾಯುಗಳು ಕೊಬ್ಬಿಗೆ ಎಡೆಮಾಡಿಕೊಟ್ಟ ಮೇಲೂ ಸಾರ್ಟೋರಿಯಸ್ ಮತ್ತು ಗ್ರಾಸಿಲಿಸ್ ಎಂಬ ಎರಡು ಬಹುಕಾಲ ಉಳಿದಿರುವುದನ್ನು ಆ ಚಿತ್ರಗಳಲ್ಲಿ ನೋಡಬಹುದು.

ಇಂತಹ ಒಂದು ತೊಡೆಯನ್ನು ಗುರುತಿಸುವಾಗ ನನಗೆ ಗೆರೆಯ ಅರ್ಥ ಮತ್ತೊಮ್ಮೆ ತಿಳಿಯಿತು. ಕೊಬ್ಬು ತುಂಬಿದ ಸ್ನಾಯು ಪಕ್ಕದ ಕೊಬ್ಬಿನಂತೆಯೇ ಬೆಳ್ಳಗೆ ಕಾಣುತ್ತದೆ, ಅದರ ಗಡಿ ಕರಗಿಹೋಗಿರುತ್ತದೆ. ಕಣ್ಣು ಸಹಜವಾಗಿ ಉಳಿದ ಕಪ್ಪು ಎಳೆಗಳ ಸುತ್ತ ಗೆರೆ ಎಳೆಯಲು ಹೇಳುತ್ತದೆ. ಹಾಗೆ ಮಾಡಿದರೆ ಒಳಗೆ ಉಳಿದಿರುವುದು ಆರೋಗ್ಯವಂತ ಭಾಗ ಮಾತ್ರ, ಲೆಕ್ಕದಲ್ಲಿ ಕೊಬ್ಬು ಕಡಿಮೆ ಬರುತ್ತದೆ. ರೋಗ ಹೆಚ್ಚಿದಷ್ಟೂ ಸಂಖ್ಯೆ ಸೌಮ್ಯವಾಗುತ್ತದೆ. ಸ್ನಾಯುವನ್ನು ಸುತ್ತಿರುವ ತೆಳುಪೊರೆಯ ಜಾಡನ್ನು ಮೇಲಿನ ಕೆಳಗಿನ ಪದರಗಳಿಂದ ಹುಡುಕಿ, ಸ್ನಾಯು ಇದ್ದ ಜಾಗದ ಸುತ್ತ ಗೆರೆ ಎಳೆಯಬೇಕು. (ಅಲ್ಟ್ರಾಸೌಂಡಿನಿಂದ ಸ್ನಾಯುವಿನ ದಪ್ಪವನ್ನೂ ಅದರ ಎಳೆಗಳ ಓರೆಯನ್ನೂ ಚಲನೆಯಲ್ಲಿರುವಾಗಲೇ ನೋಡಬಹುದು, ಅಲ್ಲಿ ಅಂಕಿಯನ್ನು ಕೆಡಿಸುವುದು ಗೆರೆಗಿಂತ ಹೆಚ್ಚಾಗಿ ಸಾಧನವನ್ನು ಚರ್ಮಕ್ಕೆ ಒತ್ತುವ ಕೈ.)

ಈಗ ಗೆರೆ ಎಳೆಯುವ ಕೆಲಸವನ್ನು ಬಹುಮಟ್ಟಿಗೆ ಗಣಕಗಳೇ ಮಾಡುತ್ತಿವೆ. 2015ರಲ್ಲಿ ಬಂದ ಯು-ನೆಟ್ ಎಂಬ, ಉದಾಹರಣೆಗಳಿಂದ ಕಲಿಯುವ ಗಣಕದ ನರಜಾಲ ವಿನ್ಯಾಸ ಮತ್ತು ಅದರ ಸಂತತಿಯಿಂದ, ನನಗೆ ಒಂದು ದಿನ ಹಿಡಿದ ಮಂಡಿ ಈಗ ನಿಮಿಷದೊಳಗೆ ಮುಗಿಯುತ್ತದೆ. ಬ್ರಿಟನ್ನಿನ ಆರೋಗ್ಯ ಸಂಶೋಧನಾ ಸಂಗ್ರಹವಾದ ಯು.ಕೆ. ಬಯೋಬ್ಯಾಂಕ್ 1,00,000 ಜನರ ದೇಹಚಿತ್ರಗಳನ್ನು ಸಂಗ್ರಹಿಸಿರುವಾಗ ಬೇರೆ ದಾರಿಯೂ ಇಲ್ಲ. ಅಷ್ಟನ್ನು ಯಾವ ಕೈಗಳೂ ಗುರುತಿಸಲಾರವು. ಇದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಗಣಕದ ಗೆರೆ ಎಷ್ಟು ಸರಿ ಎಂದು ಹೇಳಲು ಬಳಸುವ ಡೈಸ್ ಅಂಕಿಯನ್ನು (ಎರಡು ಗುರುತುಗಳು ಒಂದರ ಮೇಲೊಂದು ಎಷ್ಟು ಕೂಡುತ್ತವೆ ಎಂಬುದರ ಅಳತೆ; ಪೂರ್ತಿ ಕೂಡಿದರೆ 1, ಕೂಡದಿದ್ದರೆ 0) ಓದುವಾಗ ಅಂಗಾಂಶದ ಅಗಲವನ್ನು ನೆನಪಿನಲ್ಲಿಡಬೇಕು. ನೂರು ಪಿಕ್ಸೆಲ್ ಅಗಲದ ಸ್ನಾಯುವಿನ ಮೇಲೆ ಗಣಕದ ಗುರುತು ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದರೆ ಆ ಅಂಕಿ 0.99, ನಾಲ್ಕು ಪಿಕ್ಸೆಲ್ ಅಗಲದ ಮೃದ್ವಸ್ಥಿಯ ಮೇಲೆ ಅಷ್ಟೇ ಸರಿದರೆ 0.75. ಎರಡರಲ್ಲೂ ಗಾತ್ರದ ತಪ್ಪು ಸೊನ್ನೆ. ಅದೇ ನಾಲ್ಕು ಪಿಕ್ಸೆಲಿನ ಪಟ್ಟಿಯ ಎರಡೂ ಅಂಚುಗಳು ಅರ್ಧರ್ಧ ಪಿಕ್ಸೆಲ್ ಹೊರಕ್ಕೆ ಹೋದರೆ ಡೈಸ್ ಅಂಕಿ 0.89ಕ್ಕೆ ಏರುತ್ತದೆ, ಗಾತ್ರ ಮಾತ್ರ ಶೇಕಡಾ 25ರಷ್ಟು ಹೆಚ್ಚಾಗಿರುತ್ತದೆ. ಮೇಲಾಗಿ ಗಣಕ ಕಲಿತದ್ದು ನನ್ನಂತಹವರ ಗೆರೆಗಳಿಂದ. ನಮ್ಮ ವಾಲಿಕೆಯನ್ನೂ ಅದು ಕಲಿತಿರುತ್ತದೆ, ಮತ್ತು ಅದನ್ನು ಪ್ರತಿ ಬಾರಿಯೂ ಒಂದೇ ರೀತಿ ಪುನರಾವರ್ತಿಸುತ್ತದೆ.

ನನ್ನ ಆ ಮೊದಲ ಮಂಡಿಯ ಎರಡು ಗುರುತುಗಳೂ ಇನ್ನೂ ನನ್ನ ಬಳಿ ಇವೆ. ಒಂದರ ಮೇಲೊಂದು ಇಟ್ಟು ನೋಡಿದರೆ ವ್ಯತ್ಯಾಸ ಎಲ್ಲೆಡೆ ಸಮನಾಗಿ ಹರಡಿಲ್ಲ. ತೊಡೆಮೂಳೆಯ ಮತ್ತು ಕಣಕಾಲಿನ ಮೂಳೆಯ ಮೃದ್ವಸ್ಥಿಗಳು ಒಂದಕ್ಕೊಂದು ತಾಗುವಲ್ಲಿ, ಮೆನಿಸ್ಕಸ್ಸಿನ ತೆಳು ಅಂಚು ಮೃದ್ವಸ್ಥಿಯ ಮೇಲೆ ಒರಗುವಲ್ಲಿ, ಕೊನೆಯ ಕೆಲವು ಪದರಗಳಲ್ಲಿ ಮೃದ್ವಸ್ಥಿ ಮುಗಿಯುವ ಅಂಚಿನಲ್ಲಿ ಅದು ಗುಂಪಾಗಿದೆ. ಗಣಕ ಗುರುತಿಸಿದ ಹೊಸ ಮಂಡಿಯೊಂದು ಪರಿಶೀಲನೆಗೆ ಬಂದಾಗ ನಾನು ಮೊದಲ ಪದರದಿಂದ ಆರಂಭಿಸುವುದಿಲ್ಲ. ಈ ಮೂರು ಜಾಗಗಳನ್ನೇ ಮೊದಲು ತೆರೆಯುತ್ತೇನೆ.